ಖಿನ್ನತೆಯ ಮಾತ್ರೆ: ಶುರು ಮಾಡುವಾಗ, ನಡುವೆ, ನಿಲ್ಲಿಸುವಾಗ

ಮನೋವೈದ್ಯರು ಖಿನ್ನತೆಗೆ ಮಾತ್ರೆ ಬರೆದುಕೊಟ್ಟಿದ್ದಾರೆ. ಚೀಟಿ ಕೈಯಲ್ಲಿದೆ, ಮನಸ್ಸು ಮಾತ್ರ ಇನ್ನೂ ಒಪ್ಪಿಲ್ಲ. ಇದನ್ನು ಬರೆಯುತ್ತಿರುವುದು ನಿಮಗಾಗಿ, ನಿಮ್ಮ ಮನೆಯಲ್ಲಿ ಅಂಥ ಮಾತ್ರೆ ಶುರು ಮಾಡಿದವರಿಗಾಗಿ.

ನಾನು ಬೆಂಗಳೂರಿನ ವಿಜಯನಗರದ ಕಡೆ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಫಾರ್ಮಸಿಸ್ಟ್. ಯಾವ ಮಾತ್ರೆ, ಎಷ್ಟು ಎಂಜಿ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಆದರೆ ಕೌಂಟರ್‌ನ ಈ ಕಡೆಯಿಂದ ಕಾಣುವ ಕೆಲವು ಸಂಗತಿಗಳು ಡಾಕ್ಟರ ಕೋಣೆಯಲ್ಲಿ ಕಾಣುವುದಿಲ್ಲ. ಈ ಮಾತ್ರೆಗಳಿಂದ ಆಗುವ ತೊಂದರೆಗಳಲ್ಲಿ ಹೆಚ್ಚಿನವು ಎರಡು ದಾರಿಯಲ್ಲಿ ಬರುತ್ತವೆ. ಚೆನ್ನಾಗಿದ್ದೀನಿ ಅಂತ ಹೇಳದೆ ಕೇಳದೆ ನಿಲ್ಲಿಸುವುದು ಒಂದು. ಬೆನ್ನು ನೋವಿಗೆ, ಕೆಮ್ಮಿಗೆ, ಗ್ಯಾಸ್‌ಗೆ ಅಂತ ಬೇರೆ ಮಾತ್ರೆಗಳನ್ನು ಸುಮ್ನೆ ಜೊತೆಗೆ ಸೇರಿಸುವುದು ಇನ್ನೊಂದು. ಎರಡನ್ನೂ ತಡೆಯಬಹುದು.

ಚೀಟಿ ಬರೆಯುವ ಮೊದಲೇ ಹೇಳಿಬಿಡಿ

ಮೊದಲ ಭೇಟಿಯಲ್ಲಿ ಡಾಕ್ಟರು ಕೇಳಲಿ ಬಿಡಲಿ, ಕೆಲವು ವಿಷಯ ನೀವೇ ಹೇಳಬೇಕು. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡ ಅನ್ನುವಷ್ಟು ಉತ್ಸಾಹ, ವಿಪರೀತ ಮಾತು, ಕೈಗೆ ಸಿಕ್ಕಷ್ಟು ಖರ್ಚು, ಹೀಗೆ ದಿನಗಟ್ಟಲೆ ಇದ್ದದ್ದುಂಟಾ? ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಇಂಥ ಅತಿ ಉತ್ಸಾಹಕ್ಕೆ, ಒಮ್ಮೆ ಖಿನ್ನತೆಗೆ ಹೋಗುವುದು) ಇದೆಯಾ? ಇದ್ದರೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟಾಗ ಮನಸ್ಸು ಆ ಅತಿಯ ಕಡೆಗೆ ತಿರುಗಬಹುದು. ಆಗ ಚಿಕಿತ್ಸೆಯ ದಾರಿಯೇ ಬೇರೆ.

ಫಿಟ್ಸ್, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಹೃದಯದ ತೊಂದರೆ, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋದದ್ದು, ಲಿವರ್ ಅಥವಾ ಕಿಡ್ನಿ ಸಮಸ್ಯೆ, ಇವನ್ನೂ ಹೇಳಿ. ಬಸುರಿಯಾಗಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ, ಮಗು ಬೇಕು ಅಂತ ಯೋಚಿಸುತ್ತಿದ್ದರೆ ಅದನ್ನೂ ಹೇಳಿ. ಎಷ್ಟು ಕುಡಿಯುತ್ತೀರಿ ಅನ್ನುವುದನ್ನು ಕಡಿಮೆ ಮಾಡಿ ಹೇಳಬೇಡಿ. ಅತ್ತೆಯೋ ಅಣ್ಣನೋ ಪಕ್ಕದಲ್ಲಿ ಕೂತಿದ್ದಾರೆ ಅಂತ ಸಂಕೋಚವಾದರೆ, ಐದು ನಿಮಿಷ ಒಬ್ಬರೇ ಮಾತಾಡಬೇಕು ಅಂತ ಡಾಕ್ಟರನ್ನು ಕೇಳಿ. ಅದರಲ್ಲಿ ತಪ್ಪೇನಿಲ್ಲ.

ಥೈರಾಯ್ಡ್ ಕಡಿಮೆಯಾದರೂ ಬೇಸರ, ಸುಸ್ತು, ನಿದ್ದೆಯ ಏರುಪೇರು ಬರುತ್ತವೆ. ಬಿ12 ಕಡಿಮೆಯಾದರೂ ಹಾಗೆಯೇ, ಅದರಲ್ಲೂ ಮಾಂಸ ಮೊಟ್ಟೆ ಮುಟ್ಟದವರಲ್ಲಿ. ರಕ್ತ ಪರೀಕ್ಷೆ ಬರೆದುಕೊಟ್ಟರೆ ದುಡ್ಡು ಕೀಳೋಕೆ ಅಂದುಕೊಳ್ಳಬೇಡಿ, ಮಾಡಿಸಿ.

ಎಲ್ಲಿ ತೋರಿಸೋದು ಅಂತ ಕೇಳುವವರಿಗೆ: ಹೊಸೂರು ರಸ್ತೆಯ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಅಲ್ಲಿಗೆ ಬೆಳಗ್ಗೆ ಬೇಗ ಹೋಗಿ, ಬಿಪಿಎಲ್ ಕಾರ್ಡ್ ಇದ್ದರೆ ಮರೆಯದೆ ಒಯ್ಯಿರಿ. ದೊಡ್ಡಾಸ್ಪತ್ರೆಯ ಗೇಟು ದಾಟಲು ಹಿಂಜರಿಕೆ ಇದ್ದರೆ ಬಿಟಿಎಂ ಲೇಔಟ್‌ನಲ್ಲಿ ಅದರದ್ದೇ ಕ್ಷೇಮ ಕೇಂದ್ರ ಇದೆ. ಎಲ್ಲಿಗೂ ಹೋಗುವ ಧೈರ್ಯವಿಲ್ಲ ಅಂದರೆ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೆಡಿಕಲ್‌ನಲ್ಲಿ ಸ್ಟ್ರಿಪ್‌ನ ಸಣ್ಣ ಅಕ್ಷರ ಓದಿ

ಇವು ಚೀಟಿ ಇಲ್ಲದೆ ಮಾರುವ ಹಾಗಿಲ್ಲದ ಮಾತ್ರೆಗಳು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವುದು ಅದಕ್ಕೇ. "ಪರವಾಗಿಲ್ಲ, ಚೀಟಿ ಆಮೇಲೆ ತನ್ನಿ" ಅನ್ನುವ ಅಂಗಡಿಯವರು ಉಪಕಾರ ಮಾಡುತ್ತಿದ್ದಾರೆ ಅಂತ ತಿಳಿಯಬೇಡಿ.

ದೊಡ್ಡಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣಕ್ಷರದಲ್ಲಿ ಇರುವುದೇ ನಿಜವಾದ ಔಷಧಿ: ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲುಯೋಕ್ಸೆಟಿನ್, ಪ್ಯಾರೋಕ್ಸೆಟಿನ್, ವೆನ್ಲಾಫ್ಯಾಕ್ಸಿನ್, ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್, ಹೀಗೆ. ನಿಮ್ಮದು ಯಾವುದು, ಎಷ್ಟು ಎಂಜಿ ಅನ್ನುವುದನ್ನು ಬಾಯಿಪಾಠ ಮಾಡಿಕೊಳ್ಳಿ. "ಬಿಳಿ ಬಣ್ಣದ ಸಣ್ಣ ಮಾತ್ರೆ ಸಾರ್" ಅಂದರೆ ನಮಗೂ ಗೊತ್ತಾಗುವುದಿಲ್ಲ, ತುರ್ತು ವಿಭಾಗದ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ಎಸ್ಸಿಟಾಲೋಪ್ರಾಮ್ ಜೊತೆ ಕ್ಲೊನಾಜೆಪಾಮ್ ಸೇರಿಸಿದ ಒಂದೇ ಮಾತ್ರೆ ತುಂಬಾ ಓಡುತ್ತದೆ. ಹೆಸರಿನ ಕೊನೆಯಲ್ಲಿ 'ಪ್ಲಸ್' ಅಂತಲೋ ಇನ್ನೇನೋ ಬಾಲ ಇರುತ್ತದೆ. ಎರಡೂ ಒಂದೇ ಸ್ವಭಾವದ ಔಷಧಿಗಳಲ್ಲ. ಎಸ್ಸಿಟಾಲೋಪ್ರಾಮ್ ಖಿನ್ನತೆ, ಆತಂಕಗಳಿಗೆ ತಿಂಗಳುಗಟ್ಟಲೆ ತೆಗೆದುಕೊಳ್ಳುವಂಥದ್ದು. ಕ್ಲೊನಾಜೆಪಾಮ್ ಕೂಡಲೇ ಸಮಾಧಾನ, ನಿದ್ದೆ ತರುವಂಥದ್ದು. ಮೊದಲ ಕೆಲವು ವಾರಗಳ ತಳಮಳ ಕಳೆಯಲು ಅದು ನೆರವಾಗುತ್ತದೆ, ನಿಜ. ಆದರೆ ಹೆಚ್ಚು ದಿನ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಬಿಡುವುದು ಕಷ್ಟವಾಗುತ್ತದೆ. ಥಟ್ಟನೆ ಬಿಟ್ಟರೆ ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವಯಸ್ಸಾದವರಿಗೆ ಜೋಲಿ ಹೊಡೆದು ಬೀಳುವ ಭಯ. "ಡಿಪ್ರೆಶನ್ ಮಾತ್ರೆ ಚಟ ಆಗುತ್ತೆ" ಅನ್ನುವ ಮಾತು ಊರೆಲ್ಲಾ ಹಬ್ಬಿರುವುದಕ್ಕೆ ಈ ಜೋಡಿ ಮಾತ್ರೆಯೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ನಿಮ್ಮ ಸ್ಟ್ರಿಪ್‌ನಲ್ಲಿ ಎರಡು ಹೆಸರಿದ್ದರೆ ಡಾಕ್ಟರನ್ನು ಕೇಳಿ: "ಇದರಲ್ಲಿ ಕ್ಲೊನಾಜೆಪಾಮ್ ಇದೆ, ಇದನ್ನು ಎಷ್ಟು ವಾರ? ಆಮೇಲೆ ಹೇಗೆ ಇಳಿಸೋದು?" ಈ ಪ್ರಶ್ನೆಗೆ ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೆಲೆ ಜಾಸ್ತಿ ಅನ್ನಿಸಿದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಒಳಗಿನ ಔಷಧಿಯ ಹೆಸರು, ಎಂಜಿ ಎರಡೂ ಹೊಂದಿದರೆ ಅದನ್ನೇ ತೆಗೆದುಕೊಳ್ಳಬಹುದು. ಬದಲಾಯಿಸುವ ಮುನ್ನ ಡಾಕ್ಟರಿಗೊಂದು ಮಾತು ಹೇಳಿ, ಬದಲಾಯಿಸಿದ ಮೇಲೆ ಅದನ್ನೇ ಮುಂದುವರಿಸಿ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಅವಧಿ ಮುಗಿಯುವ ತಾರೀಖು ಅಂಗಡಿಯಲ್ಲೇ ಉಳಿದುಬಿಡುತ್ತದೆ, ಅದನ್ನು ಕೇಳಿ ಬರೆಸಿಕೊಳ್ಳಿ.

ಯಾವ ಹೊತ್ತಿಗೆ, ಹೇಗೆ

ಚೀಟಿಯಲ್ಲಿ 1-0-0 ಅಂದರೆ ಬೆಳಗ್ಗೆ ಒಂದು, 0-0-1 ಅಂದರೆ ರಾತ್ರಿ ಒಂದು. ಡಾಕ್ಟರು ಸುಮ್ಮನೆ ಹೊತ್ತು ಆರಿಸಿರುವುದಿಲ್ಲ. ಫ್ಲುಯೋಕ್ಸೆಟಿನ್‌ನಂಥವು ಕೆಲವರ ನಿದ್ದೆ ಕೆಡಿಸುತ್ತವೆ, ಅದಕ್ಕೆ ಬೆಳಗ್ಗೆ. ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್ ಮಂಪರು ತರುತ್ತವೆ, ಅದಕ್ಕೆ ರಾತ್ರಿ. ನಿಮಗೆ ಉಲ್ಟಾ ಆಗುತ್ತಿದ್ದರೆ ಹೊತ್ತು ಬದಲಿಸಬಹುದಾ ಅಂತ ಕೇಳಿ.

ವೈಟ್‌ಫೀಲ್ಡ್, ಮಾನ್ಯತಾ ಕಡೆ ರಾತ್ರಿ ಪಾಳಿ ಮಾಡುವವರಿಗೆ 'ಬೆಳಗ್ಗೆ' ಅನ್ನುವುದೇ ಗೊಂದಲ. ಮಧ್ಯಾಹ್ನ ಮೂರಕ್ಕೆ ಏಳುವವರಿಗೆ ಬೆಳಗಿನ ಮಾತ್ರೆ ಯಾವಾಗ? ಸಾಮಾನ್ಯವಾಗಿ ನಿದ್ದೆ ಮುಗಿಸಿ ಎದ್ದ ಹೊತ್ತು. ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿದ್ದರೆ ಡಾಕ್ಟರಿಗೆ ಅದನ್ನು ಬಿಡಿಸಿ ಹೇಳಿ, ಎರಡು ಡೋಸ್‌ಗಳ ನಡುವೆ ಸುಮಾರು ಒಂದು ದಿನದ ಅಂತರ ಉಳಿಯುವ ಹಾಗೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ.

ತಿಂಡಿ ಆದಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಏಕಾದಶಿಯೋ ಶಿವರಾತ್ರಿಯೋ ರಂಜಾನೋ, ಉಪವಾಸದ ದಿನ ಮಾತ್ರೆ ಬಿಡುವ ಬದಲು ಹೊತ್ತು ಹೇಗೆ ಹೊಂದಿಸುವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಹೆಸರಿನ ಮುಂದೆ ಎಕ್ಸ್‌ಆರ್, ಇಆರ್, ಎಸ್‌ಆರ್ ಅಂತ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಪುಡಿ ಮಾಡಬೇಡಿ, ಅಗಿಯಬೇಡಿ.

ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ನುಂಗುವುದು ಬೇಡ.

ಹಬ್ಬಕ್ಕೆ ಊರಿಗೆ ಹೋಗುವವರು ಬೇಕಾದ್ದಕ್ಕಿಂತ ಒಂದು ವಾರದ ಮಾತ್ರೆ ಜಾಸ್ತಿ ಇಟ್ಟುಕೊಳ್ಳಿ, ಚೀಟಿಯ ಫೋಟೋ ಮೊಬೈಲ್‌ನಲ್ಲಿರಲಿ. ದೀಪಾವಳಿಯ ಮಾರನೇ ದಿನ ಸಣ್ಣ ಊರಿನ ಮೆಡಿಕಲ್‌ನಲ್ಲಿ ನಿಮ್ಮ ಮಾತ್ರೆ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಮೊದಲ ಕೆಲವು ವಾರ

ಬಹಳ ಜನ ಕೈಬಿಡುವುದು ಇಲ್ಲೇ. ಸೈಡ್ ಎಫೆಕ್ಟ್ ಮೊದಲು ಬರುತ್ತದೆ, ಗುಣ ಆಮೇಲೆ ಬರುತ್ತದೆ. ಮೊದಲ ವಾರ ಹೊಟ್ಟೆ ತೊಳಸು, ತಲೆನೋವು, ಭೇದಿ, ಬಾಯಿ ಒಣಗುವುದು, ನಿದ್ದೆ ಏರುಪೇರು, ಸ್ವಲ್ಪ ಚಡಪಡಿಕೆ ಇರಬಹುದು. ಇವುಗಳಲ್ಲಿ ಹೆಚ್ಚಿನವು ಒಂದೆರಡು ವಾರದಲ್ಲಿ ತಗ್ಗುತ್ತವೆ. ಮನಸ್ಸು ಹಗುರವಾಗಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಪರಿಣಾಮ ಗೊತ್ತಾಗಲು ಆರರಿಂದ ಎಂಟು ವಾರವೂ ಹಿಡಿಯಬಹುದು. ನಿದ್ದೆ, ಹಸಿವು ಮೊದಲು ಸರಿಹೋಗುತ್ತವೆ, ಬೇಸರ ಕೊನೆಗೆ ಹೋಗುತ್ತದೆ. ಎಷ್ಟೋ ಸಲ ಬದಲಾವಣೆ ನಿಮಗಿಂತ ಮೊದಲು ಮನೆಯವರ ಕಣ್ಣಿಗೆ ಬೀಳುತ್ತದೆ.

ಮಾತ್ರೆ ನಿಮಗೆ ಹೇಗೆ ಹಿಡಿಯುತ್ತದೆ ಅಂತ ಗೊತ್ತಾಗುವ ತನಕ ಸ್ಕೂಟರ್, ಕಾರು ಬದಿಗಿಡಿ. ಮೆಟ್ರೋ, ಬಸ್ಸು ಇವೆಯಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಾಡಿ ಓಡಿಸುವುದು ಎಚ್ಚರವಿದ್ದವರಿಗೇ ಕಷ್ಟ, ಕಣ್ಣು ಎಳೆಯುತ್ತಿದ್ದರೆ ಕೇಳಬೇಕೆ.

ಈಗ ಗಂಭೀರವಾದ ಮಾತು. 25ಕ್ಕಿಂತ ಕಡಿಮೆ ವಯಸ್ಸಿನ ಕೆಲವರಲ್ಲಿ, ಮಾತ್ರೆ ಶುರು ಮಾಡಿದ ಅಥವಾ ಡೋಸ್ ಬದಲಿಸಿದ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳ ವಿಷಯದಲ್ಲಿ ಈ ಎಚ್ಚರಿಕೆ ಹಾಕಿಸಿತು, 2007ರಲ್ಲಿ ಅದನ್ನು 24ರವರೆಗಿನವರಿಗೂ ವಿಸ್ತರಿಸಿತು. ಇದನ್ನು ಕೇಳಿ ಮಾತ್ರೆಯೇ ಬೇಡ ಅನ್ನಬೇಡಿ, ಚಿಕಿತ್ಸೆ ಇಲ್ಲದ ಖಿನ್ನತೆಯಲ್ಲೂ ಅದೇ ಅಪಾಯವಿದೆ. ಬೇಕಾಗಿರುವುದು ಒಂದು ಕಣ್ಣು. ಪಿಜಿಯಲ್ಲಿ ಒಬ್ಬರೇ ಇರುವ ಹುಡುಗ ಹುಡುಗಿಯರು ರೂಮ್‌ಮೇಟ್‌ಗಾದರೂ ಹೇಳಿ: "ಹೊಸ ಮಾತ್ರೆ ಶುರು ಮಾಡಿದ್ದೀನಿ, ಒಂದು ತಿಂಗಳು ನನ್ನ ಮೇಲೆ ಗಮನ ಇರಲಿ." ಅಪ್ಪ ಅಮ್ಮಂದಿರು ನೋಡಬೇಕಾದ್ದು: ಕೂತಲ್ಲಿ ಕೂರಲಾಗದ ಚಡಪಡಿಕೆ, ಹಠಾತ್ ಸಿಡುಕು, ನಿದ್ದೆ ಪೂರ್ತಿ ಹೋಗುವುದು, "ನಾನಿಲ್ಲದಿದ್ರೆ ನಿಮಗೇ ಆರಾಮ" ಅನ್ನುವಂಥ ಮಾತು. ಅಂಥ ದಿನ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಆವತ್ತೇ ಡಾಕ್ಟರಿಗೆ ಫೋನ್ ಮಾಡಿ, ಸಿಗದಿದ್ದರೆ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಒಬ್ಬರನ್ನೇ ಬಿಡಬೇಡಿ.

ಸಾಯುವ ಯೋಚನೆ ಇರುವವರ ಮನೆಯಲ್ಲಿ ಮಾತ್ರೆಗಳು ಇನ್ನೊಬ್ಬರ ಕೈಯಲ್ಲಿರಲಿ. ಒಂದು ತಿಂಗಳ ಬದಲು ಒಂದೊಂದು ವಾರದ್ದನ್ನು ಕೊಂಡರೆ ಸಾಕು. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳು ಒಟ್ಟಿಗೆ ಹೆಚ್ಚು ಹೊಟ್ಟೆಗೆ ಹೋದರೆ ಹೃದಯಕ್ಕೇ ಹೊಡೆತ.

ಜೊತೆಗೆ ಏನು ಸೇರಬಾರದು

ಬೆಂಗಳೂರಿನಲ್ಲಿ ಒಬ್ಬರಿಗೆ ಒಬ್ಬ ಡಾಕ್ಟರ್ ಅನ್ನುವುದು ಕಡಿಮೆ. ಮೂಳೆಗೊಬ್ಬರು, ಹೊಟ್ಟೆಗೊಬ್ಬರು, ಚರ್ಮಕ್ಕೊಬ್ಬರು. ಮನಸ್ಸಿನ ಮಾತ್ರೆಯ ವಿಷಯ ಉಳಿದವರಿಗೆ ಯಾಕೆ ಹೇಳಬೇಕು ಅಂತ ಜನ ಮುಚ್ಚಿಡುತ್ತಾರೆ. ಅಪಾಯ ಹುಟ್ಟುವುದೇ ಆ ಮುಚ್ಚುಮರೆಯಲ್ಲಿ. ಸ್ಟ್ರಿಪ್‌ನ ಹಿಂಬದಿಯ ಫೋಟೋ ಮೊಬೈಲ್‌ನಲ್ಲಿಟ್ಟುಕೊಂಡು ಪ್ರತಿ ಡಾಕ್ಟರಿಗೂ, ಹಲ್ಲಿನ ಡಾಕ್ಟರಿಗೂ, ನಮಗೂ ತೋರಿಸಿ.

ನೋವಿನ ಮಾತ್ರೆಗಳಿಂದ ಶುರು ಮಾಡೋಣ, ಅವೇ ಹೆಚ್ಚು ಮಾರಾಟವಾಗುವುದು. ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ಗುಂಪಿನ ಮಾತ್ರೆಗಳ ಜೊತೆ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಮಲ ಟಾರಿನ ಹಾಗೆ ಕಪ್ಪಾಗಿ ಹೋದರೆ ಕೂಡಲೇ ತೋರಿಸಿ. ಸಣ್ಣಪುಟ್ಟ ನೋವು, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ವಾಸಿ. ಎಲ್ಲರಿಗೂ ಗೊತ್ತಿರುವ ಡೋಲೋ 650 ಅದೇ, ನಮ್ಮ ಬೆಂಗಳೂರಿನ ಕಂಪನಿಯದ್ದೇ. ಹೃದಯಕ್ಕೆ ಅಂತ ಆಸ್ಪಿರಿನ್ ತೆಗೆದುಕೊಳ್ಳುವವರು, ರಕ್ತ ತೆಳುವಾಗುವ ಮಾತ್ರೆ ಇರುವವರು ತಾವಾಗಿ ಏನನ್ನೂ ಬಿಡಬೇಡಿ. ಇಬ್ಬರು ಡಾಕ್ಟರಿಗೂ ಎರಡೂ ವಿಷಯ ಗೊತ್ತಿರಲಿ, ಅಷ್ಟೇ.

ಜೋರು ನೋವಿಗೆ ಕೊಡುವ ಟ್ರಮಡಾಲ್ ಬೇರೆಯೇ ಕಥೆ. ಅದೂ, ಒಣ ಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್, ಮೈಗ್ರೇನ್‌ಗೆ ಕೊಡುವ ಸುಮಾಟ್ರಿಪ್ಟಾನ್, ಲಿನೆಜೋಲಿಡ್ ಅನ್ನುವ ಆ್ಯಂಟಿಬಯಾಟಿಕ್ ಕೂಡ ಖಿನ್ನತೆಯ ಮಾತ್ರೆಯ ಜೊತೆ ಸೇರಿದಾಗ ದೇಹದಲ್ಲಿ ನರಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ ಸೆರೊಟೋನಿನ್‌ನ ಪರಿಣಾಮ ಮಿತಿಮೀರಬಹುದು. ಕೈಕಾಲು ನಡುಕ, ಮೈ ಅದುರುವುದು, ವಿಪರೀತ ಬೆವರು, ಜ್ವರ, ಎದೆ ಡವಡವ, ಭೇದಿ, ಗಲಿಬಿಲಿ, ಇವೇ ಅದರ ಲಕ್ಷಣ. ಕೆಲವು ಗಂಟೆಗಳಲ್ಲೇ ಏರಬಹುದು. ಹೀಗಾದರೆ 108ಕ್ಕೆ ಫೋನ್ ಮಾಡಿ ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ, ಎಲ್ಲಾ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿಕೊಂಡು.

ಗ್ಯಾಸ್ ಮಾತ್ರೆಗಳನ್ನು ನಮ್ಮ ಜನ ಔಷಧಿ ಅಂತಲೇ ಎಣಿಸುವುದಿಲ್ಲ. ಒಮೆಪ್ರಜೋಲ್ ರಕ್ತದಲ್ಲಿ ಎಸ್ಸಿಟಾಲೋಪ್ರಾಮ್‌ನ ಮಟ್ಟ ಏರಿಸುತ್ತದೆ. ಖಾಲಿ ಹೊಟ್ಟೆಗೆ ನುಂಗುವ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಡಾಂಪೆರಿಡೋನ್ ಕೂಡ ಇರುತ್ತದೆ. ಎಸ್ಸಿಟಾಲೋಪ್ರಾಮ್ ಮತ್ತು ಡಾಂಪೆರಿಡೋನ್ ಎರಡೂ ಹೃದಯದ ಬಡಿತದ ಲಯವನ್ನು ಸ್ವಲ್ಪ ಏರುಪೇರು ಮಾಡಬಲ್ಲಂಥವು. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ಈ ಜೋಡಿ ಒಳ್ಳೆಯದಲ್ಲ. ಡಾಕ್ಟರು ಇಸಿಜಿ ಮಾಡಿಸಿ ಅಂದರೆ ಕಾರಣ ಇದೇ.

ಆಯುರ್ವೇದದ ಅಶ್ವಗಂಧ, ಆನ್‌ಲೈನ್‌ನಲ್ಲಿ ತರಿಸುವ 'ಮೂಡ್' ಕ್ಯಾಪ್ಸೂಲ್, ಇವನ್ನೂ ಹೇಳಬೇಕು. ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡದ ಕ್ಯಾಪ್ಸೂಲ್ ಈ ಮಾತ್ರೆಗಳ ಜೊತೆ ಬೇಡವೇ ಬೇಡ. ಸರ್ಟ್ರಾಲಿನ್ ತೆಗೆದುಕೊಳ್ಳುವವರು ಗ್ರೇಪ್‌ಫ್ರೂಟ್ ಬಿಡಬೇಕು ಅನ್ನುತ್ತಾರೆ. ನಮ್ಮ ದೇವನಹಳ್ಳಿ ಚಕ್ಕೋತ ಅದರ ಹತ್ತಿರದ ನೆಂಟ, ಹಾಗಾಗಿ ಸೀಸನ್‌ನಲ್ಲಿ ದಿನವೂ ತಿನ್ನುವವರು ಡಾಕ್ಟರನ್ನು ಕೇಳಿ. ಮದ್ಯದ ವಿಷಯ ಚಿಕ್ಕದು: ಬಿಟ್ಟರೆ ಒಳ್ಳೆಯದು. ಕ್ಲೊನಾಜೆಪಾಮ್ ಜೊತೆಗಂತೂ ಖಂಡಿತ ಬೇಡ.

ತಿಂಗಳುಗಳು ಕಳೆದ ಮೇಲೆ

ಜನ ಹೇಳದೆ ನುಂಗಿಕೊಳ್ಳುವ ಸೈಡ್ ಎಫೆಕ್ಟ್ ಅಂದರೆ ಲೈಂಗಿಕ ಆಸಕ್ತಿ ಕುಗ್ಗುವುದು, ಸುಖ ತಡವಾಗುವುದು ಇಲ್ಲವೇ ಆಗದೇ ಇರುವುದು. ಗಂಡಸರಿಗೂ ಆಗುತ್ತದೆ, ಹೆಂಗಸರಿಗೂ ಆಗುತ್ತದೆ. ಹೊಟ್ಟೆ ತೊಳಸಿನ ಹಾಗೆ ಇದು ತಾನಾಗಿ ಹೋಗುತ್ತದೆ ಅಂತ ಹೇಳಲಾಗದು. ಎಷ್ಟೋ ಜನ ಮಾತ್ರೆ ಬಿಡುವುದು ಈ ಕಾರಣಕ್ಕೇ, ಹೊರಗೆ ಹೇಳುವುದು ಬೇರೆ ಕಾರಣ. ಡೋಸ್ ಇಳಿಸುವುದು, ಬೇರೆ ಮಾತ್ರೆಗೆ ಬದಲಿಸುವುದು, ಹೀಗೆ ದಾರಿಗಳಿವೆ. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ.

ಅಜ್ಜ ಅಜ್ಜಿಯರಲ್ಲಿ ಬೇರೊಂದನ್ನು ಗಮನಿಸಬೇಕು. ಈ ಮಾತ್ರೆಗಳಿಂದ ಕೆಲವರ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಬಿಪಿಗೆ ನೀರಿನ ಮಾತ್ರೆಯೂ (ಮೂತ್ರ ಹೆಚ್ಚಿಸುವಂಥದ್ದು) ಇದ್ದರೆ ಇನ್ನೂ ಜಾಸ್ತಿ. ಹಠಾತ್ತಾಗಿ ಗಲಿಬಿಲಿ, ನಡೆಯುವಾಗ ತೂರಾಟ, ತಲೆನೋವು, ವಿಪರೀತ ಸುಸ್ತು ಕಂಡರೆ "ವಯಸ್ಸಾಯ್ತು ಬಿಡಿ" ಅಂತ ಸುಮ್ಮನಾಗಬೇಡಿ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಬಸುರಿ ಅಂತ ಗೊತ್ತಾದ ದಿನವೇ ಭಯಪಟ್ಟು ಮಾತ್ರೆ ನಿಲ್ಲಿಸುವವರಿದ್ದಾರೆ. ನಿಲ್ಲಿಸುವ ಮುನ್ನ ಮನೋವೈದ್ಯರಿಗೂ ಹೆರಿಗೆ ಡಾಕ್ಟರಿಗೂ ಹೇಳಿ. ಕೆಲವು ಮಾತ್ರೆಗಳನ್ನು ಮುಂದುವರಿಸಬಹುದು, ಕೆಲವನ್ನು ಬದಲಿಸಬೇಕಾಗುತ್ತದೆ. ಖಿನ್ನತೆ ಮರಳಿ ಬಂದರೆ ಅದೂ ತಾಯಿ ಮಗುವಿಗೆ ಒಳ್ಳೆಯದಲ್ಲ.

ನಿಲ್ಲಿಸುವಾಗ

"ಮೂರು ತಿಂಗಳಾಯ್ತು ಸಾರ್, ಈಗ ಆರಾಮಾಗಿದ್ದೀನಿ. ಇನ್ನೂ ತಗೋಬೇಕಾ?" ಕೌಂಟರ್‌ನಲ್ಲಿ ನಮಗೆ ಹೆಚ್ಚು ಬರುವ ಪ್ರಶ್ನೆ ಇದು. ಮೊದಲ ಸಲದ ಖಿನ್ನತೆಯಾದರೆ, ಪೂರ್ತಿ ಚೆನ್ನಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಹಿಂದೆಯೂ ಬಂದುಹೋಗಿದ್ದರೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು. ಆರಾಮಾದ ಮೊದಲ ತಿಂಗಳುಗಳಲ್ಲೇ ಕಾಯಿಲೆ ಮರಳುವ ಸಾಧ್ಯತೆ ಜಾಸ್ತಿ, ಅದಕ್ಕೇ ಈ ಲೆಕ್ಕ.

ಥಟ್ಟನೆ ಬಿಟ್ಟರೆ ಏನಾಗುತ್ತದೆ? ಎರಡು ಮೂರು ದಿನದಲ್ಲಿ ತಲೆಸುತ್ತು, ವಾಕರಿಕೆ, ವಿಚಿತ್ರ ಕನಸು, ಸಿಡುಕು, ಸುಮ್ಮಸುಮ್ಮನೆ ಅಳು ಬರಬಹುದು. ಕೆಲವರಿಗೆ ತಲೆಯೊಳಗೆ ಚುರ್ ಅಂತ ಕರೆಂಟ್ ಹೊಡೆದ ಅನುಭವ. ಪ್ಯಾರೋಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಲ್ಲಿ ಇದು ಹೆಚ್ಚು. ಫ್ಲುಯೋಕ್ಸೆಟಿನ್ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಅದರಲ್ಲಿ ಕಡಿಮೆ. ಇದನ್ನು ನೋಡಿ "ಕಾಯಿಲೆ ವಾಪಸ್ ಬಂತು" ಅಂತಲೋ "ಚಟ ಹತ್ತಿದೆ" ಅಂತಲೋ ಜನ ಹೆದರುತ್ತಾರೆ. ಬಿಟ್ಟ ಕೆಲವೇ ದಿನದಲ್ಲಿ ಶುರುವಾಗಿ, ಮಾತ್ರೆ ಮತ್ತೆ ತೆಗೆದುಕೊಂಡ ಕೂಡಲೇ ತಗ್ಗಿದರೆ ಅದು ಸಾಮಾನ್ಯವಾಗಿ ಬಿಟ್ಟದ್ದರ ಪರಿಣಾಮ. ಕಾಯಿಲೆ ಮರಳುವುದು ನಿಧಾನವಾಗಿ, ವಾರ ತಿಂಗಳುಗಳಲ್ಲಿ.

ನಿಲ್ಲಿಸಬೇಕು ಅನ್ನಿಸಿದರೆ ಡಾಕ್ಟರಿಗೆ ನೇರವಾಗಿ ಹೇಳಿ. ಅವರು ವಾರಗಳ ಲೆಕ್ಕದಲ್ಲಿ, ಬಹಳ ಕಾಲ ತೆಗೆದುಕೊಂಡಿದ್ದರೆ ತಿಂಗಳುಗಳ ಲೆಕ್ಕದಲ್ಲಿ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಕೊನೆಯ ಸಣ್ಣ ಡೋಸ್ ಬಿಡುವುದೇ ಎಷ್ಟೋ ಸಲ ಕಷ್ಟ, ಅಲ್ಲಿ ಆತುರ ಬೇಡ. ದಿನ ಬಿಟ್ಟು ದಿನ ನುಂಗುವ ಉಪಾಯವನ್ನು ನೀವೇ ಶುರು ಮಾಡಬೇಡಿ, ಅದರಲ್ಲಿ ರಕ್ತದ ಮಟ್ಟ ಏರಿಳಿದು ಇನ್ನೂ ತೊಂದರೆ. ಆಫೀಸಿನ ದೊಡ್ಡ ಕೆಲಸ, ಮನೆ ಬದಲಾವಣೆ, ಮದುವೆ ಓಡಾಟ, ಇವುಗಳ ನಡುವೆ ಇಳಿಸಲು ಹೊರಡುವುದೂ ಬೇಡ. ಆರಾಮಾದ ಒಂದು ಕಾಲ ನೋಡಿ ಶುರು ಮಾಡಿ.

ಕೋರ್ಸ್ ಮುಗಿದ ಮೇಲೆ ಉಳಿದ ಸ್ಟ್ರಿಪ್‌ಗಳನ್ನು ದೇವರ ಮನೆ ಪಕ್ಕದ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಡಿ. "ನಂಗೆ ಚೆನ್ನಾಗಿ ಹಿಡೀತು, ನೀನೂ ನೋಡು" ಅಂತ ನಾದಿನಿಗೋ ಭಾವನಿಗೋ ಕೊಡಲೂಬೇಡಿ. ಅವರ ಬಿಪಿ ಮಾತ್ರೆ ಯಾವುದು, ಅವರ ಹೃದಯ ಹೇಗಿದೆ, ನಿಮಗೆ ಗೊತ್ತಿಲ್ಲ ಅಲ್ವಾ. ಟಾಯ್ಲೆಟ್‌ಗೆ ಸುರಿಯುವುದು, ಹಸಿ ಕಸ ಒಣ ಕಸದ ಬುಟ್ಟಿಗೆ ಹಾಕುವುದು ಬೇಡ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಒಯ್ದು ಅಲ್ಲಿನ ಫಾರ್ಮಸಿಯವರನ್ನು ಕೇಳಿ.